ಕಡ ತಂದ ಮಳೆ

ತಳದ ಮುಚ್ಚಳ ಎತ್ತಿದ್ದೇ ತಡ, ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನಿಂದ ನಮ್ಮ ಅಡುಗೆಮನೆಯ ಅಟ್ಟದ ವಾಸನೆ ಬಂತು. ಸೌದೆ ಹೊಗೆ, ಒಣಮೆಣಸಿನಕಾಯಿ, ಹಳೇ ಹುಣಸೇಹಣ್ಣು; ಸುಳ್ಳೇಕೆ ಹೇಳಲಿ, ಒಂದಿಷ್ಟು ಇಲಿಯ ವಾಸನೆಯೂ ಇತ್ತು. ಸಕಲೇಶಪುರದ ಪೇಟೆಯೊಳಗೆ, ಮೂರು ಜನ ನಿಂತರೆ ನಾಲ್ಕನೆಯವರು ಬೀದಿಯಲ್ಲೇ ಉಳಿಯಬೇಕಾದಂಥ ಸಣ್ಣ ರಿಪೇರಿ ಅಂಗಡಿಯದು. ಅದರ ಒಡತಿ ರಮ್ಯ, ಹಲ್ಲುಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಮೂಗನ್ನು ಹತ್ತಿರ ತಂದು, ಮತ್ತೆ ಹಿಂದಕ್ಕೆ ಎಳೆದುಕೊಂಡಳು.

"ಏನ್ ಮೇಡಂ, ಇದನ್ನ ಒಲೆ ಮೇಲೆ ಇಟ್ಟಿದ್ರಾ?"

"ಒಲೆ ಮೇಲಲ್ಲ, ಅಟ್ಟದ ಮೇಲೆ" ಎಂದೆ. ಇಪ್ಪತ್ತೇಳು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ಉತ್ತರ ಕರಾರುವಾಕ್ಕಾಗಿರಬೇಕು ಅನ್ನುವ ಚಾಳಿ ಇನ್ನೂ ಬಿಟ್ಟಿಲ್ಲ.

"ಅಟ್ಟ ಎಲ್ಲೈತೆ?"

"ಒಲೆ ಮೇಲೆ."

ರಮ್ಯ ನಕ್ಕಳು. ನೀವು ನಮ್ಮ ಯಸಳೂರಿನ ಕಡೆಯವರಾಗಿದ್ದರೆ ನಗುತ್ತಿರಲಿಲ್ಲ. ಜೂನ್ ತಿಂಗಳು ಹುಟ್ಟಿತೆಂದರೆ ನಮ್ಮಲ್ಲಿ ಬೂಷ್ಟು ಹಿಡಿಯದ ವಸ್ತುವೇ ಇರುವುದಿಲ್ಲ. ಬೆಲ್ಟು, ಚಪ್ಪಲಿ, ಶಾಲೆಯ ಹಾಜರಿ ಪುಸ್ತಕ, ಮದುವೆ ಆಲ್ಬಮ್ಮಿನಲ್ಲಿರುವ ನಮ್ಮ ಯಜಮಾನರ ಮುಖ, ಯಾವುದಕ್ಕೂ ಅದು ದಾಕ್ಷಿಣ್ಯ ತೋರಿಸುವುದಿಲ್ಲ. ಹಾಗಾಗಿ ಬೇಕಾದ ಸಾಮಾನೆಲ್ಲ ಮಳೆಗಾಲದಲ್ಲಿ ಅಟ್ಟ ಹತ್ತುತ್ತದೆ: ಬಿತ್ತನೆ ಬೀಜ, ಬೆಂಕಿಪೊಟ್ಟಣ, ಬುಟ್ಟಿ, ಮೊರ. ಹೊಗೆ ತಾಗಿದ್ದು ಕೆಡುವುದಿಲ್ಲ ಎನ್ನುವುದು ನಮ್ಮತ್ತೆಯ ಸಿದ್ಧಾಂತ. ನಾನು ಲ್ಯಾಪ್‌ಟಾಪ್ ತಂದ ಮೊದಲ ಮಳೆಗಾಲದಲ್ಲೇ ಅವರು ಅದನ್ನು ಹಳೇ ಪಂಚೆಯಲ್ಲಿ ಸುತ್ತಿ, ಸೌತೆಬೀಜದ ಡಬ್ಬದ ಪಕ್ಕ ಮಲಗಿಸಿದರು. ವಿಜ್ಞಾನದ ಟೀಚರು ತಡೆದಳೇ ಎಂದು ಕೇಳಬೇಡಿ. ಅವಳು ಕೆಳಗೆ ಏಣಿ ಹಿಡಿದುಕೊಂಡಿದ್ದಳು. ಅತ್ತೆ ತೀರಿಕೊಂಡ ಮೇಲೂ ಎರಡು ಮಳೆಗಾಲ ಅದೇ ಪಂಚೆ ಹುಡುಕಿ, ಅಷ್ಟೇ ಜೋಪಾನವಾಗಿ ನಾನೇ ಎತ್ತಿಟ್ಟೆ. ಆದ್ದರಿಂದ ತಪ್ಪು ಅವರದೆಂದು ಹೇಳಲು ನನಗೆ ಬಾಯಿಲ್ಲ.

ಅದು ಹಾಳಾಗುತ್ತಿದೆ ಎಂದು ತಿಳಿಯುವುದಕ್ಕೂ ಒಂದು ತಿಂಗಳು ಹಿಡಿಯಿತು. ಹಾಕಿದಾಗಲೆಲ್ಲ ಟಿಕ್ ಟಿಕ್ ಎಂದು ಸದ್ದು. ನಾನು ಗೋಡೆಯ ಹಲ್ಲಿ ಎಂದುಕೊಂಡೆ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ ಎಂದು ನಮ್ಮಲ್ಲಿ ನಂಬಿಕೆ. "ಈ ಡಬ್ಬ ಬಿಸಾಕಿ ಹೊಸದು ತಗಾ" ಎಂದರು ಯಜಮಾನರು ಒಂದು ದಿನ. ಟಿಕ್ ಟಿಕ್. "ನೋಡು, ಹಲ್ಲಿನೂ ಹೂಂ ಅಂತೈತೆ" ಎಂದು ಗೆದ್ದವರಂತೆ ನೋಡಿದರು. "ಇದು ಇನ್ನೂ ಹತ್ತು ವರ್ಷ ಬರ್ತದೆ" ಎಂದೆ ನಾನು. ಅದಕ್ಕೂ ಟಿಕ್ ಟಿಕ್. ಗಂಡನಿಗೂ ಹೂಂ, ಹೆಂಡತಿಗೂ ಹೂಂ ಅನ್ನುವ ಹಲ್ಲಿಯ ಮೇಲೆ ಅನುಮಾನ ಬಂದು, ಕೀಬೋರ್ಡಿಗೆ ಕಿವಿ ಹಚ್ಚಿದೆ. ಸದ್ದು ಅದರೊಳಗಿಂದಲೇ! ಗಡಿಬಿಡಿಯಲ್ಲಿ 'ಮಳೆ' ಎಂಬ ಹೆಸರಿನ ಫೋಲ್ಡರನ್ನು ಒತ್ತಿದೆ. ಪರದೆಯ ಮೇಲೆ ಚಕ್ರ ಸುಮ್ಮನೆ ಸುತ್ತುತ್ತಲೇ ಇತ್ತು. ಆರಿಸಿ ಹಾಕಿದೆ, ಮತ್ತೆ ಆರಿಸಿ ಹಾಕಿದೆ. ಫೋಲ್ಡರು ತೆರೆಯಲಿಲ್ಲ.

"ಒಳಗೆ ಒಂದು ತಟ್ಟೆ ತಿರುಗ್ತಾ ಇರ್ತದೆ ಮೇಡಂ. ಸಣ್ಣ ಮುಳ್ಳಿನಂಥದ್ದು ಅದನ್ನ ಓದ್ತದೆ. ಈಗ ಅದಕ್ಕೆ ದಾರಿ ಕಾಣ್ದೆ ತಡಕಾಡ್ತೈತೆ, ಅದೇ ಟಿಕ್ ಟಿಕ್" ಎಂದಳು ರಮ್ಯ. "ಮನೇಲಿ ಎಷ್ಟು ಸಲ ಹಾಕಿ ನೋಡಿದ್ರಿ?"

"ಒಂದಿಪ್ಪತ್ತು ಸಲ."

"ಅಯ್ಯೋ, ಅದನ್ನೇ ಮಾಡ್ಬಾರ್ದಾಗಿತ್ತು. ಹಾಕಿದಷ್ಟೂ ಇರೋದೂ ಹೋಗ್ಬುಡ್ತದೆ. ಹೊಸ ಡಿಸ್ಕ್ ಕೂರ್ಸೋದು ಅರ್ಧ ಗಂಟೆ ಕೆಲ್ಸ. ಹಳೇದ್ರಲ್ಲಿರೋದು ಬೇಕಾ, ಬ್ಯಾಡ್ವಾ, ಅದನ್ನ ಹೇಳಿ."

"ಬೇಕೇ ಬೇಕು."

"ಏನೈತೆ ಅದ್ರಲ್ಲಿ?"

"ಮೂವತ್ತನಾಲ್ಕು ವರ್ಷದ ಮಳೆ."

"ಬೇರೆ ಎಲ್ಲೂ ಕಾಪಿ ಇಲ್ವಾ?"

"ಪುಸ್ತಕಗಳಿದ್ದವು. ನಮ್ಮತ್ತೆ ಸುಟ್ಟರು."

ರಮ್ಯ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಮೊದ್ಲು ಟೀ ತರಿಸ್ತೀನಿ ಮೇಡಂ. ಆಮೇಲೆ ಸರಿಯಾಗಿ ಹೇಳಿ." ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಟೀ ಒಂದಿಲ್ಲ ಅಷ್ಟೆ.

ಕಾಫಿ ಬೆಳೆಯುವವರಿಗೆ ಮಳೆ ಎಂದರೆ ಬರೀ ಮಳೆಯಲ್ಲ. ಅದಕ್ಕೆ ಇಂಚು ಇದೆ, ಸೆಂಟ್ಸ್ ಇದೆ. ನೂರು ಸೆಂಟ್ಸ್ ಸೇರಿದರೆ ಒಂದಿಂಚು. ಬೇಸಿಗೆಯಲ್ಲಿ ಬೀಳುವ ಹೂಮಳೆ ಹದವಾಗಿ ಬಂದರೆ ಗಿಡದಲ್ಲಿ ಹೂವು, ಇಲ್ಲದಿದ್ದರೆ ಬರೀ ಎಲೆ. ನಮ್ಮ ಮಾವ ಎಲ್ಲಿಂದಲೋ ಮಳೆ ಅಳೆಯುವ ಡಬ್ಬವೊಂದನ್ನು ತಂದು ಕಣದ ಮೂಲೆಯಲ್ಲಿ ನೆಟ್ಟು, ಹದಿನೈದು ದಿನ ಭಾರಿ ಉತ್ಸಾಹದಿಂದ ಅಳೆದು, ಹದಿನಾರನೆಯ ದಿನ ಮರೆತರಂತೆ. ಆ ದಿನದಿಂದ ಅದು ಅತ್ತೆಯ ಪಾಲಿಗೆ ಬಂತು. ಮೂರನೇ ಕ್ಲಾಸು ಓದಿದ ಹೆಂಗಸು. ಬೆಳಿಗ್ಗೆ ಎಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೋಗಿ, ಡಬ್ಬದ ನೀರನ್ನು ಗೆರೆ ಹಾಕಿದ ಗಾಜಿನ ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುವರು. ಆ ಗಳಿಗೆಯಲ್ಲಿ ಮನೆಗೆ ಕಳ್ಳ ನುಗ್ಗಿದರೂ ತಿರುಗಿ ನೋಡುತ್ತಿರಲಿಲ್ಲ.

ಅಳೆದದ್ದು ಪುಸ್ತಕಕ್ಕೆ ಹೋದ ಮೇಲೆ ಫೋನು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದ ಮಲ್ಲೇಶಣ್ಣನೂ ಅದೇ ಹೊತ್ತಿಗೆ ಅಲ್ಲಿಯ ಮಳೆ ಅಳೆದು ಕಾಯುತ್ತಿರುವನು. ನಡುವೆ ಒಂದು ಗುಡ್ಡ ಅಷ್ಟೆ, ಆದರೂ ಅಲ್ಲಿ ಬಿದ್ದ ಮಳೆ ಇಲ್ಲಿ ಬೀಳುವುದಿಲ್ಲ. "ನಿಮ್ಮಲ್ಲೆಷ್ಟು?" "ನಮ್ಮಲ್ಲಿಷ್ಟು." ಅಲ್ಲಿಗೆ ಮುಗಿಯಬೇಕಾದ ಮಾತು ಮುಗಿಯುತ್ತಿರಲಿಲ್ಲ. ಮಲ್ಲೇಶಣ್ಣ "ಮತ್ತೇನು?" ಎಂದು ಕೇಳಿಯೇ ಕೇಳುವನು. ಆಗ ಅತ್ತೆ ಹಸು ಕರು ಹಾಕಿದ್ದು, ಸೊಂಟ ಹಿಡಿದದ್ದು, ಕಾಡಾನೆ ಬೈನೆಮರ ಮುರಿದದ್ದು ಎಲ್ಲ ಹೇಳುವರು. ಪುಸ್ತಕದಲ್ಲೂ ಇಂಚಿನ ಪಕ್ಕದಲ್ಲಿ ಇವೇ ಸುದ್ದಿಗಳು, ಅವರಿಗೆ ಮಾತ್ರ ಓದಲು ಬರುವಂಥ ಕೋಳಿಗಾಲಿನ ಅಕ್ಷರದಲ್ಲಿ.

ನಾನು ಹುಟ್ಟಿದ್ದು ಕೆ. ಹೊಸಕೋಟೆಯ ಕಡೆ. ಅಲ್ಲಿ ನಮ್ಮ ಮನೆಯವರು ಹೊಲದವರು. ಮಳೆ ಬಂದರೆ ಬಂತು ಎನ್ನುವರು, ಬರದಿದ್ದರೆ ಆಕಾಶ ನೋಡುವರು. ಅದನ್ನು ಗ್ಲಾಸಿನಲ್ಲಿ ಅಳೆಯುವವರನ್ನು ನಾನು ಕಂಡಿರಲಿಲ್ಲ. ಮದುವೆಯಾಗಿ ಬಂದು ಇನ್ನೂ ಹತ್ತು ದಿನವಾಗಿರಲಿಲ್ಲ. ಹೊಸ ಸೊಸೆ ಮೈಗಳ್ಳಿ ಅನ್ನಿಸಿಕೊಳ್ಳಬಾರದೆಂದು ಬೆಳಕು ಹರಿಯುವುದರೊಳಗೆ ಎದ್ದು ಕಣ ಗುಡಿಸಿದೆ. ಮೂಲೆಯಲ್ಲೊಂದು ಡಬ್ಬ, ಅದರಲ್ಲಿ ನೀರು, ನೀರಲ್ಲಿ ಎರಡು ಹುಳ. ಚೆಲ್ಲಿದೆ. ಅಷ್ಟಕ್ಕೇ ಬಿಟ್ಟೆನೇ? ಬೂದಿ, ತೆಂಗಿನ ನಾರು ಹಾಕಿ ತಿಕ್ಕಿ, ಫಳಫಳ ಹೊಳೆಯಿಸಿ, ಬೋರಲು ಹಾಕಿ ಬಂದೆ. ಆ ವರ್ಷದ ಮೊದಲ ಹೂಮಳೆ ಹಿಂದಿನ ಸಂಜೆಯಷ್ಟೇ ಬಿದ್ದಿತ್ತು.

ಎಂಟು ಗಂಟೆಗೆ ಅತ್ತೆ ಕಣದಲ್ಲಿ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಒಂದು ಕೈಯಲ್ಲಿ ಗ್ಲಾಸು, ಇನ್ನೊಂದು ಕೈಯಲ್ಲಿ ಮಿರಮಿರ ಮಿಂಚುವ ಖಾಲಿ ಡಬ್ಬ. ನನ್ನ ಮುಖ ನೋಡಿದರು. ಡಬ್ಬ ನೋಡಿದರು. ನಾನು ತವರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಮನಸ್ಸಿನಲ್ಲೇ ಹುಡುಕತೊಡಗಿದೆ. ಅವರು ಬೈಯಲಿಲ್ಲ. ಒಳಗೆ ಹೋಗಿ ಫೋನು ಮಾಡಿ, "ಮಲ್ಲೇಶ, ಇವತ್ತು ನಿಮ್ಮ ಮಳೇನೇ ಒಸಿ ಕಡ ಕೊಡು ಮಾರಾಯ" ಎಂದರು. ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟು ಸಲೀಸಾಗಿ! ಆಮೇಲೆ ನನ್ನನ್ನು ಅಲ್ಲಿಂದ ಕಳಿಸಿ ಏನೋ ತಗ್ಗಿದ ದನಿಯಲ್ಲಿ ಹೇಳಿದರು. ನನ್ನ ಬಗ್ಗೆಯೇ ಎಂದು ಗೊತ್ತಿತ್ತು. ಏನು ಎಂದು ಮಾತ್ರ ಗೊತ್ತಾಗಲಿಲ್ಲ. ಮುಂದೆ ವರ್ಷಗಟ್ಟಲೆ ಒಂದೇ ಒಲೆಯ ಮುಂದೆ ಕೂತೆವು. ಅವರು ನನ್ನ ಎದುರು ನನ್ನನ್ನು ಹೊಗಳಿದವರಲ್ಲ. ಆವತ್ತೇನಂದಿರಿ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಲ್ಯಾಪ್‌ಟಾಪ್ ಬಂದ ಮೇಲೆ ನನಗೆ ಹುಚ್ಚು ಹಿಡಿಯಿತು. ಆ ಪುಸ್ತಕಗಳ ಅಂಚನ್ನು ಗೆದ್ದಲು ತಿನ್ನತೊಡಗಿತ್ತು. ಅಕ್ಷರ ನನಗೆ ಓದಲು ಬಾರದು. "ನೀವು ಓದಿ ಅತ್ತೆ, ನಾನು ರೆಕಾರ್ಡ್ ಮಾಡ್ಕೋತೀನಿ, ಆಮೇಲೆ ಕೂತು ಟೈಪ್ ಮಾಡ್ತೀನಿ" ಎಂದೆ. ಒಂದು ಬೇಸಿಗೆ ರಜೆ ಪೂರ್ತಿ ಅವರು ಓದಿದರು, ವರ್ಷಕ್ಕೊಂದು ಫೈಲಿನಂತೆ. "ಜೂನ್ ಹನ್ನೆರಡು. ಮೂರಿಂಚು ನಲವತ್ತು. ಇವರಪ್ಪ ಕೊಡೆ ಮರ್ತು ಬಂದು ಜ್ವರ ಹಿಡಿದು ಮಲಗಿದ್ರು. ಜೂನ್ ಹದಿಮೂರು. ನಾಕಿಂಚು. ಕರೆಂಟಿಲ್ಲ. ಕೆಂದ ಹಸ ಕರ ಹಾಕ್ತು, ಹೆಣ್ಗರ." ನನ್ನ ಮದುವೆಯ ವರ್ಷದ ಪುಸ್ತಕ ಬಂದಾಗ ಮಾತ್ರ, "ನೀನು ಒಳಗೋಗಿ ರೊಟ್ಟಿ ತಟ್ಟು ಹುಡ್ಗಿ, ಇದನ್ನ ನಾನೊಬ್ಳೇ ಓದ್ತೀನಿ" ಎಂದು ನನ್ನನ್ನು ಎಬ್ಬಿಸಿದರು.

ಎಲ್ಲ ಮುಗಿದ ದಿನ ನಾನು ಜಂಬ ಕೊಚ್ಚಿದೆ. "ಇನ್ನು ಇದಕ್ಕೆ ಬೂಷ್ಟು ಹಿಡಿಯಲ್ಲ, ಗೆದ್ದಲು ತಿನ್ನಲ್ಲ. ನಿಮ್ಮ ಮಳೆಗೆ ಸಾವೇ ಇಲ್ಲ ಅತ್ತೆ." ವಿಜ್ಞಾನದ ಟೀಚರು ಹೇಳಿದ ಮೇಲೆ ಮುಗಿಯಿತಲ್ಲ. ಮಾರನೆಯ ಬೆಳಿಗ್ಗೆ ಎದ್ದು ನೋಡುತ್ತೇನೆ, ನೀರೊಲೆ ಧಗಧಗ ಉರಿಯುತ್ತಿದೆ. ಪುಸ್ತಕಗಳ ಕೊನೆಯ ರಟ್ಟನ್ನು ಅತ್ತೆ ಒಳಕ್ಕೆ ನೂಕುತ್ತಿದ್ದಾರೆ. ನಾನು ಕೂಗಿಕೊಂಡೆ. "ಯಾಕೆ ಕಿರುಚ್ತೀಯ? ಹೆಂಗೂ ನಿನ್ನ ಡಬ್ಬದೊಳಕ್ಕೆ ಹೋಗೈತಲ್ಲ. ಗೆದ್ದಲಿಗೆ ಯಾಕೆ ಅನ್ನ ಹಾಕದು?" ಮೂವತ್ತನಾಲ್ಕು ವರ್ಷದ ಮಳೆ ಕಾಯಿಸಿದ ಆ ನೀರಿನಲ್ಲೇ ನಾನು ಅವತ್ತು ತಲೆಗೆ ಸ್ನಾನ ಮಾಡಿದೆ.

ಟೈಪ್ ಮಾಡುವ ಕೆಲಸ ನಾಳೆ ನಾಳೆ ಎನ್ನುತ್ತ ಉಳಿಯಿತು. ಅತ್ತೆ ಮತ್ತೊಂದು ಹೊಸ ಪುಸ್ತಕ ಹೊಲಿದುಕೊಂಡು ಅಳೆಯುತ್ತ ಹೋದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಅದಾದ ಮೇಲೂ ನಾಲ್ಕಾರು ಬೆಳಿಗ್ಗೆ ಮಲ್ಲೇಶಣ್ಣನ ಫೋನು ಬಂತು. "ನಿಮ್ಮಲ್ಲೆಷ್ಟು ಕಣಮ್ಮ?" "ಅಳೆದಿಲ್ಲ ಮಲ್ಲೇಶಣ್ಣ." ಒಂದು ದಿನ ಫೋನು ನಿಂತಿತು. ಫೈಲುಗಳನ್ನೂ ನಾನು ಒಮ್ಮೆಯೂ ಕೇಳಲಿಲ್ಲ. ಆ ದನಿ ಕೇಳಿದರೆ ಅಳು ಬರುತ್ತದೆಂಬ ಭಯ. ಇದೆಯಲ್ಲ, ಯಾವಾಗ ಬೇಕಾದರೂ ಕೇಳಬಹುದು ಎಂಬ ಸೋಮಾರಿತನವೂ ಸೇರಿತ್ತು. ಈಗ ರಮ್ಯಳ ಮೇಜಿನ ಮೇಲೆ ಆ ಮೂವತ್ತನಾಲ್ಕು ವರ್ಷ ಅಂಗೈಯಗಲದ ತಗಡಿನ ಪೆಟ್ಟಿಗೆಯಾಗಿ ಬಿದ್ದಿತ್ತು. ನನಗೆ ನಾಚಿಕೆಯಾಯಿತು.

ರಮ್ಯ ಟೀ ಲೋಟ ಬದಿಗಿಟ್ಟಳು. ಹಳೆಯ ಡಿಸ್ಕನ್ನು ತನ್ನ ಯಂತ್ರಕ್ಕೆ ಜೋಡಿಸಿ, ಬಿಸಿಯಾಗದಿರಲೆಂದು ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದಳು. "ಹಟ ಮಾಡಿ ಕೇಳಬಾರ್ದು ಮೇಡಂ. ಕೊಟ್ಟಷ್ಟು ಇಸ್ಕಳದು, ಕೊಡದಿದ್ರೆ ಮುಂದಕ್ಕೋಗದು, ಆಮೇಲೆ ವಾಪಸ್ ಬಂದು ಇನ್ನೊಂದ್ಸಲ ಮೆಲ್ಲಗೆ ಕೇಳದು. ಎರಡು ದಿನ ಬುಡಿ. ಪೂರ್ತಿ ಬರ್ತದೆ ಅಂತ ಮಾತ್ರ ಹೇಳಲ್ಲ." ಮುಪ್ಪಾದವರ ಹತ್ತಿರ ಮಾತಾಡುವ ಕ್ರಮವೂ ಇದೇ ಅಲ್ಲವೇ ಎನ್ನಿಸಿತು. ಅವಳಿಗೆ ಮೂವತ್ತೂ ಆಗಿರಲಿಕ್ಕಿಲ್ಲ.

ಆ ಎರಡು ದಿನ ಮನೆಯಲ್ಲಿ ನಾನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಯಜಮಾನರು ಹಲ್ಲಿಯ ಸುದ್ದಿ ಎತ್ತುವ ಗೋಜಿಗೂ ಹೋಗಲಿಲ್ಲ. ಮೂರನೆಯ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೋದೆ.

"ಮೂವತ್ತೆರಡು ಬಂತು ಮೇಡಂ" ಎಂದಳು ರಮ್ಯ. ಹೊಸ ಡಿಸ್ಕ್ ಕೂತ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು. "ಎರಡು ಬರ್ಲಿಲ್ಲ. ನಾಕು ಸಲ ನೋಡ್ದೆ."

ಪಟ್ಟಿಯ ಮೇಲೆ ಬೆರಳಿಟ್ಟು ಹುಡುಕಿದೆ. ಇಲ್ಲದ ಎರಡರಲ್ಲಿ ಒಂದು ಮೊಟ್ಟಮೊದಲ ವರ್ಷದ್ದು. ಇನ್ನೊಂದು ನನ್ನ ಮದುವೆಯದು. ಮೂವತ್ತೆರಡು ಸಿಕ್ಕ ಸಂತೋಷವನ್ನು ಆ ಒಂದು ನುಂಗಿಹಾಕಿತು. ನನ್ನ ಮುಖ ನೋಡಿ ರಮ್ಯ ತಾನೇ ಅದರ ಮುಂದಿನ ವರ್ಷದ ಫೈಲನ್ನು ಒತ್ತಿದಳು. ಮೊದಲು ಕೋಳಿ ಕೂಗಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅತ್ತೆ.

"ಮಾರ್ಚಿ ಒಂಬತ್ತು. ಎಪ್ಪತ್ತು ಸೆಂಟ್ಸು. ನಮ್ದು ಮಲ್ಲೇಶ ಬರ್ಕಂಡ, ಅವನ್ದು ನಾನು ಬರ್ಕಂಡೆ."

ಅಂಗಡಿಯಲ್ಲಿ ನಿಂತು ನಾನು ಅತ್ತುಬಿಟ್ಟೆ. ತಡೆಯಲಾಗಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ರಮ್ಯ ಕೇಳಿದಳು: "ಮೇಡಂ, ನೀವು ಹೇಳಿದ ಆ ಮಲ್ಲೇಶಣ್ಣ ಈಗ ಎಲ್ಲವ್ರೆ? ಇವ್ರದ್ದೂ ಬರ್ಕಂಡವ್ರಂತಲ್ಲ?"

ಇಪ್ಪತ್ತೇಳು ವರ್ಷ ಮಕ್ಕಳಿಗೆ ಯೋಚನೆ ಮಾಡಿ ಎಂದು ಗದರಿಸಿದವಳಿಗೆ ಅದು ಹೊಳೆದಿರಲಿಲ್ಲ.

ಮಲ್ಲೇಶಣ್ಣ ಕೆಲಸ ಬಿಟ್ಟ ಮೇಲೆ ಮಾರನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಅಲ್ಲಿಂದ ಅಲ್ಲಿಗೇ ಬಸ್ಸು ಹತ್ತಿದೆ. ಹೆದ್ದಾರಿಯ ಲಾರಿಗಳ ಸದ್ದಿನ ನಡುವೆ, ಜಗಲಿಯ ಮೇಲೆ ಕನ್ನಡಕ ಒರೆಸುತ್ತ ಕೂತಿದ್ದ. ಅಂಗಳದಲ್ಲಿ ಮಳೆಯ ಡಬ್ಬ. ನನ್ನನ್ನು ಕಂಡವನೇ, "ಬಾ ಕಣಮ್ಮ, ಎಷ್ಟು ದಿನ ಆಗೋಯ್ತು" ಎಂದ. ವಿಷಯ ಹೇಳಿದೆ. ಅಟ್ಟದ ಸುದ್ದಿಗೆ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಒಳಗಿನಿಂದ ಒಂದು ಕಬ್ಬಿಣದ ಪೆಟ್ಟಿಗೆ ಎಳೆದು ತಂದ.

"ತೋಟ ಮಾರುವಾಗ ಹೊಸ ಸಾವ್ಕಾರ್ರು ಈ ಹಳೇ ಪುಸ್ತಕ ಯಾವನಿಗೆ ಬೇಕು ಅಂದ್ರು. ನಾನು ಹೊತ್ಕಂಡು ಬಂದ್ಬುಟ್ಟೆ. ಮಳೆ ಬಿಸಾಕಕ್ಕಾಗ್ತದಾ?"

ನನ್ನ ಮದುವೆಯ ವರ್ಷದ ಪುಸ್ತಕ ತೆಗೆದ. ಪ್ರತಿ ಪುಟದಲ್ಲೂ ಎರಡು ಕಾಲಂ. ಒಂದರ ಮೇಲೆ 'ಎಸ್ಟೇಟ್' ಎಂದಿತ್ತು. ಇನ್ನೊಂದರ ಮೇಲೆ ನಮ್ಮತ್ತೆಯ ಹೆಸರು, 'ದೇವಮ್ಮ'. ಮುತ್ತು ಪೋಣಿಸಿದಂಥ ಅಕ್ಷರ. ಆ ದಿನದ ಎದುರು ಹೀಗೆ ಬರೆದಿತ್ತು: "ದೇವಮ್ಮ: ಅಳತೆ ಇಲ್ಲ. ನಮ್ಮಿಂದ ಕಡ, ಒಂದು ಇಂಚು ಹನ್ನೆರಡು. ಹೊಸ ಸೊಸೆ ಮಳೆ ಚೆಲ್ಲಿ ಡಬ್ಬ ತೊಳೆದಳಂತೆ. ಡಬ್ಬ ಇಷ್ಟು ಹೊಳೆದದ್ದನ್ನು ಕಂಡೇ ಇರಲಿಲ್ಲ, ಹುಡುಗಿ ಬಲು ಚೊಕ್ಕ, ಮನೆ ಉಳಿಸುತ್ತಾಳೆ ಎಂದರು."

ಎರಡು ಸಲ ಓದಿದೆ. ಕೆಳಗೆ, ನಾಲ್ಕು ದಿನ ಬಿಟ್ಟು, ಇನ್ನೊಂದಿತ್ತು: "ದೇವಮ್ಮ: ಹದಿನೆಂಟು ಸೆಂಟ್ಸ್. ಇವತ್ತು ಸೊಸೆ ಅಳೆದಳು. ಸರಿಯಾಗಿದೆ, ಹಿಂದೆ ನಿಂತು ಕಳ್ಳಗಣ್ಣಲ್ಲಿ ನೋಡಿದೆ ಎಂದರು."

"ಇದನ್ನೆಲ್ಲ ಯಾಕೆ ಬರ್ಕಂಡ್ರಿ ಮಲ್ಲೇಶಣ್ಣ?"

"ರೈಟರ್ ಅಲ್ವೇನಮ್ಮ ನಾನು. ಹೇಳಿದ್ದನ್ನ ಬರ್ಕಳದೇ ನನ್ನ ಕೆಲ್ಸ."

ನನ್ನ ಖುಷಿಗೆ ಪಾರವಿರಲಿಲ್ಲ. ಅಷ್ಟು ವರ್ಷ ತಡವಾಗಿ ಸಿಕ್ಕ ಹೊಗಳಿಕೆಯೂ ಹೊಗಳಿಕೆಯೇ. ಪುಟಗಳನ್ನು ಫೋನಿನಲ್ಲಿ ತೆಗೆದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆನೆಂದು ಕಾಣುತ್ತದೆ, ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಅಂಗಡಿಯಿಂದ ಹೊರಡುವಾಗ ರಮ್ಯ ಬುದ್ಧಿ ಹೇಳಿದ್ದಳು, ಬೇಕಾದ್ದನ್ನು ಒಂದೇ ಕಡೆ ಇಡಬಾರದು, ಇನ್ನೊಂದು ಕಾಪಿ ಬೇರೆ ಮನೆಯಲ್ಲಿರಬೇಕು ಎಂದು. ಮೂರನೇ ಕ್ಲಾಸಿನ ನಮ್ಮತ್ತೆ ದಿನಾ ಬೆಳಿಗ್ಗೆ ಫೋನು ಹಿಡಿದು ಅದನ್ನೇ ಮಾಡುತ್ತಿದ್ದರು. ಪುಸ್ತಕಗಳನ್ನು ಅಷ್ಟು ನಿಶ್ಚಿಂತೆಯಿಂದ ಒಲೆಗೆ ಹಾಕಿದ್ದು ನನ್ನ ಡಬ್ಬವನ್ನು ನಂಬಿಯೋ, ಮಲ್ಲೇಶಣ್ಣನನ್ನು ನಂಬಿಯೋ, ಈಗ ಹೇಳುವುದು ಕಷ್ಟ.

ಇದಾಗಿ ವಾರ ಕಳೆದಿದೆ. ಲ್ಯಾಪ್‌ಟಾಪ್ ಈಗ ಮೇಜಿನ ಮೇಲಿದೆ, ಹೊಸ ಡಿಸ್ಕಿನಲ್ಲಿ ತಿರುಗುವ ತಟ್ಟೆಯೇ ಇಲ್ಲವಂತೆ, ಸದ್ದೂ ಇಲ್ಲ. ಹೊಗೆಯ ವಾಸನೆ ಮಾತ್ರ ಪೂರ್ತಿ ಹೋಗಿಲ್ಲ. ಹೋಗುವುದು ಬೇಡ. ದಿನಕ್ಕೊಂದು ವರ್ಷ ಕೇಳುತ್ತ ಟೈಪ್ ಮಾಡುತ್ತಿದ್ದೇನೆ. ನಿನ್ನೆ ಸಂಜೆ ಗುಡುಗಿ, ಈ ವರ್ಷದ ಮೊದಲ ಹೂಮಳೆ ಬಿತ್ತು. ಇವತ್ತು ಎಂಟು ಗಂಟೆಗೆ ಸೆರಗು ಸಿಕ್ಕಿಸಿಕೊಂಡು ಕಣಕ್ಕೆ ಹೋದೆ. ಡಬ್ಬ ತುಕ್ಕು ಹಿಡಿದಿತ್ತು, ಆದರೆ ಸೋರಿರಲಿಲ್ಲ. ನೀರನ್ನು ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಅತ್ತೆ ಅರ್ಧಕ್ಕೆ ಬಿಟ್ಟುಹೋದ ಪುಸ್ತಕದಲ್ಲಿ ಅವರ ಕೊನೆಯ ಸಾಲಿನ ಕೆಳಗೆ ಬರೆದೆ. ಆಮೇಲೆ ಫೋನು ಮಾಡಿದೆ.

"ಮಲ್ಲೇಶಣ್ಣ, ನಮ್ಮಲ್ಲಿ ನಲವತ್ತಾರು ಸೆಂಟ್ಸ್."

ಹಾಳೆ ಮಗುಚಿದ ಸದ್ದು ಕೇಳಿತು. "ಇಲ್ಲಿ ಬರೀ ಎಂಟು ಕಣಮ್ಮ... ಹೂಂ, ನಲವತ್ತಾರು. ಮತ್ತೇನು?"

ಏನು ಹೇಳಬೇಕೆಂದು ನನಗೆ ಗೊತ್ತಿತ್ತು.

"ಸೊಸೆ ಅಳೆದಳು ಅಂತ ಬರ್ಕಳಿ."

"ಬರ್ಕಂಡೆ" ಎಂದ ಮಲ್ಲೇಶಣ್ಣ.